ಹುಡುಗಿಯ ಕಥೆ ಕೇಳಿದೆವು, ಮೇಕೆಯನ್ನು ಕೊಟ್ಟಿರಿ

ಅನಿಮೆ ನಿರ್ಮಾಣ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

'ತಕ್ಕಡಿ ಹಿಡಿದವಳು' ಎಂಬ ಅನಿಮೆ ಸರಣಿಯನ್ನು ಹನ್ನೆರಡನೆಯ ಕಂತಿಗೆ ನಿಲ್ಲಿಸಿದವರು ತಾವು. ನಾಯಕಿ ಅರಮನೆಯ ಕಣಜದ ತಕ್ಕಡಿಯಲ್ಲಿ ತನ್ನ ತೂಕದ ಕಲ್ಲು ಇಟ್ಟಳು. ತಟ್ಟೆ ಮೇಲೆದ್ದಿತೋ ಕೆಳಗಿಳಿಯಿತೋ ತೋರಿಸದೆ ಪರದೆ ಕಪ್ಪಾಯಿತು, 'ಮುಂದುವರಿಯುವುದು' ಎಂಬ ಅಕ್ಷರ ಬಂತು. ಎಂಟು ವರ್ಷವಾಯಿತು, ಮುಂದುವರಿದಿಲ್ಲ. ದುಡ್ಡಿಲ್ಲ ಎಂದಿರಿ. ದುಡ್ಡು ನಾವು ಸೇರಿಸಿ ಕೊಡುತ್ತೇವೆ ಎಂದೆವು. ಬೇಡ ಎಂದಿರಿ. ಹಾಗಾದರೆ ಮುಂದಿನ ಭಾಗ ಬರುವುದೇ ಇಲ್ಲ ಎಂದಾದರೂ ಹೇಳಿಬಿಡಿ ಎಂದೆವು. ಅದನ್ನೂ ಹೇಳಲಿಲ್ಲ. ಈಗ 'ಅಭಿಮಾನಿಗಳ ಅಪಾರ ಬೇಡಿಕೆಯ ಮೇರೆಗೆ' ಎಂದು ಸಾರಿ, ಆ ಕಥೆಯಲ್ಲಿ ಆಗೊಮ್ಮೆ ಈಗೊಮ್ಮೆ ಸುಳಿದುಹೋಗುವ ಮೇಕೆಯೊಂದನ್ನು ಹಿಡಿದುಕೊಂಡು ಮೂರು ಮೂರು ನಿಮಿಷದ ಮಕ್ಕಳ ಕಾರ್ಯಕ್ರಮ ಬಿಟ್ಟಿದ್ದೀರಿ. ಆ ಅಪಾರ ಬೇಡಿಕೆ ಇಟ್ಟವರಲ್ಲಿ ನಾನೂ ಒಬ್ಬಳು. ಆದ್ದರಿಂದಲೇ ಈ ಪತ್ರ.

ಇದು ಪತ್ರಿಕೆಯಲ್ಲಿ ಅಚ್ಚಾಗಿ ಇತರರೂ ಓದುವುದರಿಂದ ಒಂದೆರಡು ಮಾತು ಬಿಡಿಸಿ ಹೇಳಬೇಕು. ಅನಿಮೆ ಎಂದರೆ ಜಪಾನಿನ ಕಾರ್ಟೂನು; ಅಂಥ ಸರಣಿಗೆ ಸಾಮಾನ್ಯವಾಗಿ ಒಬ್ಬನೇ ಯಜಮಾನ ಇರುವುದಿಲ್ಲ. ಆಟಿಕೆ ಕಂಪನಿ, ಹಾಡಿನ ಕಂಪನಿ, ಟಿವಿ ವಾಹಿನಿ, ಜಾಹೀರಾತಿನವರು ಸೇರಿ ಒಂದು ಸಮಿತಿ ಕಟ್ಟಿ ಬಂಡವಾಳ ಹಾಕುತ್ತಾರೆ. ಚಿತ್ರ ಬಿಡಿಸುವವರು ಬೆನ್ನು ಬಗ್ಗಿಸಿ ಬಿಡಿಸುತ್ತಾರೆ, ಕೂಲಿ ತೆಗೆದುಕೊಂಡು ಎದ್ದುಹೋಗುತ್ತಾರೆ. ಮುಂದಿನ ಭಾಗ ಬರಬೇಕೋ ಬೇಡವೋ ತೀರ್ಮಾನಿಸುವುದು ಸಮಿತಿ. ಅದರ ಕಣ್ಣಿಗೆ ಬೀಳುವುದು ಕಥೆಯಲ್ಲ, ಕಥೆಯ ಹೆಸರಿನಲ್ಲಿ ಖರ್ಚಾದ ಡಿಸ್ಕು, ಬೊಂಬೆ, ಲೋಟ, ಕೀಚೈನು. ಇದು ವ್ಯಾಪಾರ, ತಪ್ಪೆನ್ನುವುದಿಲ್ಲ. ನಾನೂ ವ್ಯಾಪಾರ ಮಾಡಿಯೇ ಹೊಟ್ಟೆ ಹೊರೆಯುವವಳು.

ನನ್ನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಮೇಣದಲ್ಲಿ ಹಲ್ಲು ಕೂರಿಸಿ, ಸೆಟ್ಟು ಮಾಡಿ ಹಿಂದಕ್ಕೆ ಕಳಿಸುತ್ತೇನೆ. ಎರಡು ಕೋಣೆಯ ಲ್ಯಾಬು, ಎಲ್ಲಿ ಕೈಯಿಟ್ಟರೂ ಪ್ಲಾಸ್ಟರಿನ ಬಿಳಿ ಪುಡಿ, ಕಿಟಕಿಯ ಪಕ್ಕ ಸಾಲಾಗಿ ಕಂಡು ಕೇಳರಿಯದವರ ದವಡೆಗಳು. ಇಷ್ಟು ವರ್ಷದಲ್ಲಿ ನಾನು ಯಾರಿಗೂ ಮೇಲಿನ ಸಾಲು ಮಾತ್ರ ಕೊಟ್ಟು, 'ಕೆಳಗಿನ ಸಾಲಿನ ಬಗ್ಗೆ ಮಾರುಕಟ್ಟೆಯ ಸ್ಪಂದನೆ ನೋಡಿ ತೀರ್ಮಾನಿಸಲಾಗುವುದು' ಎಂದು ಚೀಟಿ ಬರೆದು ಕಳಿಸಿಲ್ಲ. ಕಳಿಸಿದ್ದರೆ ಏನಾಗುತ್ತಿತ್ತು? ಮಾರನೆಯ ಬೆಳಿಗ್ಗೆ ಯಾವುದೋ ಅಜ್ಜಿ ಬಾಗಿಲಿಗೆ ಬಂದು, ಉಚ್ಚಾರ ಸ್ಪಷ್ಟವಿಲ್ಲದಿದ್ದರೂ ಅರ್ಥ ಸ್ಪಷ್ಟವಾಗುವಂತೆ, ನನ್ನ ಜನ್ಮ ಜಾಲಾಡುತ್ತಿದ್ದಳು. ತಮಗೆ ಆ ಅಜ್ಜಿಯ ಭಯವಿಲ್ಲ. ತಮ್ಮ ಗಿರಾಕಿಗಳು ದೂರದಲ್ಲಿದ್ದಾರೆ, ಸಭ್ಯರು, ವರ್ಷ ವರ್ಷವೂ 'ದಯವಿಟ್ಟು' ಎಂದು ಬರೆಯುತ್ತಾರೆ.

ನಮ್ಮ ಅಣ್ಣನ ವಿಷಯ ಹೇಳಬೇಕು. ಅವನು ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಒಂದೇ ಉಸಿರಿನಲ್ಲಿ ಮಾಲಿನ ಗುಣ, ಬೆಲೆ, ಕೊಳ್ಳುವವನ ಜಿಪುಣತನ, ಆ ಜಿಪುಣತನ ಅವನಿಗೆ ಯಾವ ಮಾವನ ಕಡೆಯಿಂದ ಬಂತು ಎಂಬುದನ್ನೆಲ್ಲ ಹೇಳಿ, ಜನ ನಗುತ್ತಿರುವಾಗಲೇ ಬೆಲೆ ಏರಿಸಿಬಿಡುತ್ತಿದ್ದ. ಮಾರುಕಟ್ಟೆ ಮುಗಿಸಿಕೊಂಡು, ಕಟ್ಟಿದ ಗಂಟಲಿನಲ್ಲಿ, ಮಧ್ಯಾಹ್ನ ನನ್ನ ಲ್ಯಾಬಿಗೆ ಊಟಕ್ಕೆ ಬರುತ್ತಿದ್ದ. ಅಲ್ಲಿನ ಪುಟ್ಟ ಟಿವಿಯಲ್ಲಿ ನಾನು ತಮ್ಮ ಸರಣಿ ನೋಡುತ್ತಿದ್ದೆ, ನಮ್ಮ ಭಾಷೆಗೆ ಡಬ್ ಆದದ್ದು. ತಕ್ಕಡಿ ಮಾಡುವವನ ಮಗಳೊಬ್ಬಳು ಊರೂರು ಸುತ್ತಿ ಅಲ್ಲಿನ ತಕ್ಕಡಿಗಳನ್ನು ಪರೀಕ್ಷಿಸುತ್ತಾಳೆ. ಜೊತೆಗೆ ಕೆಲಸ ಕಳೆದುಕೊಂಡ ಒಬ್ಬ ಮುದಿ ನ್ಯಾಯಾಧೀಶ, ಮತ್ತು ಸಾಕ್ಷ್ಯವನ್ನೆಲ್ಲ ತಿಂದುಹಾಕುವ ಒಂದು ಮೇಕೆ. ಅಷ್ಟೇ ಕಥೆ.

"ಏನೇ ಇದು, ಈ ವಯಸ್ಸಲ್ಲಿ ಬೊಂಬೆ ನೋಡ್ತೀಯಾ? ಕಣ್ಣು ನೋಡು ಅದರದ್ದು, ಬದನೆಕಾಯಿ ಗಾತ್ರ!" ಎಂದು ಮೊದಲ ದಿನ ನಕ್ಕ. ಎರಡನೆಯ ದಿನ ಬಾಯಲ್ಲಿ ತುತ್ತು ಇಟ್ಟುಕೊಂಡೇ, "ಇರು ಇರು, ಆ ವ್ಯಾಪಾರಿ ತಕ್ಕಡಿ ದಂಡಿಗೆಗೆ ಕಿರುಬೆರಳು ತಾಗಿಸ್ದ. ನೋಡಿದ್ಯಾ? ಕಳ್ಳ ನನ್ಮಗ!" ಎಂದು ಕೂಗಿದ. ಮೂರನೆಯ ದಿನ, ನಾನು ಕೈ ತೊಳೆದುಕೊಂಡು ಬರುವುದರೊಳಗೆ ತಾನೇ ಟಿವಿ ಹಾಕಿಕೊಂಡು ಕೂತಿದ್ದ. ಕೊನೆಯ ಕಂತು ಮುಗಿದಾಗ ಅವನು ತಮ್ಮನ್ನು ಬೈದ ಮಾತುಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ.

ಎರಡು ವರ್ಷದ ಹಿಂದೆ ಹರಾಜಿನ ನಡುವೆಯೇ ಅವನಿಗೆ ಲಕ್ವ ಹೊಡೆಯಿತು. ಕಾಲು ಬಂತು, ಕೈ ಮುಕ್ಕಾಲು ಬಂತು, ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಅವನಿಗೆ ಹೇಳಬೇಕಾದ್ದು ಮಾತ್ರ ಹೊರಗೆ ಬರುವುದಿಲ್ಲ. "ಅದು... ಅದು..." ಎನ್ನುತ್ತಾನೆ, ಹಣೆಯ ಮೇಲೆ ಬೆವರು ಬರುತ್ತದೆ, ಸುಮ್ಮನಾಗುತ್ತಾನೆ. ಇಡೀ ಮಾರುಕಟ್ಟೆಯನ್ನು ನಾಲಿಗೆಯ ಮೇಲೆ ಕುಣಿಸಿದವನು ನೀರು ಬೇಕೆಂದು ಲೋಟ ತೋರಿಸುವುದನ್ನು ನೋಡುವುದು ನನಗೆ ಇವತ್ತಿಗೂ ಆಗುವುದಿಲ್ಲ.

ಒಂದು ದಿನ ಅತ್ತಿಗೆ ಅವನನ್ನು ನನ್ನ ಲ್ಯಾಬಿನಲ್ಲಿ ಕೂರಿಸಿ ಔಷಧಿ ತರಲು ಹೋಗಿದ್ದಳು. ನಾನು ಸುಮ್ಮನೆ ತಮ್ಮ ಸರಣಿಯ ಮೊದಲ ಕಂತು ಹಾಕಿದೆ. ಹುಡುಗಿ ತಕ್ಕಡಿ ಎತ್ತಿ ಹಿಡಿದು ತನ್ನ ಎಂದಿನ ಮಾತು ಹೇಳಿದಳು: "ತೂಕದಲ್ಲಿ ಮೋಸ ಇದೆ. ಯಾರ ಕೈ ಅಂತ ಈಗ ಹೇಳ್ತೀನಿ." ನನ್ನ ಬೆನ್ನ ಹಿಂದೆ ಅಣ್ಣನೂ ಅವಳ ಜೊತೆ ಹೇಳಿದ. ಪೂರ್ತಿ ಹೇಳಿದ, ತಡವರಿಸದೆ. ನನ್ನ ಕೈಯಲ್ಲಿದ್ದ ಮೇಣದ ಹಲ್ಲುಗಳು ನೆಲಕ್ಕೆ ಬಿದ್ದವು. ನಾನು ಅತ್ತೆ, ಅವನೂ ಅತ್ತ.

ಅಂದಿನಿಂದ ನಮ್ಮ ಅಣ್ಣ ತಮ್ಮ ಸರಣಿಯ ಮಾತಿನಲ್ಲೇ ಸಂಸಾರ ನಡೆಸುತ್ತಿದ್ದಾನೆ. ತಟ್ಟೆಗೆ ಬಡಿಸಿದ್ದು ಕಡಿಮೆಯಾದರೆ ಅತ್ತಿಗೆಗೆ, "ತೂಕದಲ್ಲಿ ಮೋಸ ಇದೆ." ನೆಂಟರು ಬಂದು ಹೊತ್ತಾದರೂ ಏಳದಿದ್ದರೆ ನ್ಯಾಯಾಧೀಶನ ಗತ್ತಿನಲ್ಲಿ, "ಸಭೆ ಮುಗಿಯಿತು, ದೀಪ ಆರಿಸಿ." ನಗು ಬರುತ್ತದೆ, ನಿಜ. ಆದರೆ ತಮ್ಮ ಹನ್ನೆರಡು ಕಂತಿನಲ್ಲಿ ಇಲ್ಲದ ಮಾತು ಅವನ ಬಾಯಲ್ಲೂ ಇಲ್ಲ. ಹೋದ ವರ್ಷ ಒಂದು ವಾರವಿಡೀ ಬಾಯಿ ತೋರಿಸಿ ತೋರಿಸಿ, "ಕೋಟೆಯ ಗೋಡೆ ಬಿರುಕು ಬಿಟ್ಟಿದೆ, ದೊರೆಯೇ" ಎಂದ. ನನ್ನ ಮಾತು ಕೇಳಿ ಎನ್ನುತ್ತಿದ್ದಾನೆ ಎಂದುಕೊಂಡು ನಾನೂ ಅತ್ತಿಗೆಯೂ ಮನೆಯ ಗೋಡೆಗಳನ್ನೆಲ್ಲ ಹುಡುಕಿದೆವು, ಬಚ್ಚಲಿನ ಹಿಂದೆ ಒಂದು ಬಿರುಕು ಸಿಕ್ಕಿತು, ಗಾರೆಯವನನ್ನು ಕರೆಸಿ ಮೆತ್ತಿಸಿದೆವು. ಅಣ್ಣ ತಲೆ ತಲೆ ಚಚ್ಚಿಕೊಂಡ. ಕೊನೆಗೆ ದವಡೆ ಊದಿಕೊಂಡಾಗ ಗೊತ್ತಾಯಿತು, ಹಲ್ಲು ಸೀಳಿತ್ತು. ಹಲ್ಲಿನಿಂದಲೇ ಬದುಕುವ ತಂಗಿ ಇದ್ದೂ ಇದು ಅವನ ಪಾಡು. ತಮ್ಮ ಕಥೆಯಲ್ಲಿ ಯಾರಿಗೂ ಹಲ್ಲುನೋವು ಬಂದಿಲ್ಲ ಸ್ವಾಮಿ.

ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ಹೇಳಿದರು: "ಬಾಯಿಪಾಠ ಆಗಿರೋದು ಬರೋದು ಒಳ್ಳೇದೇ. ಆದ್ರೆ ಈಗ ಇವರಿಗೆ ಪೂರ್ತಿ ಬಾಯಿಪಾಠ ಆಗಿಬಿಟ್ಟಿದೆ, ಮುಂದಕ್ಕೆ ಹೋಗ್ತಿಲ್ಲ. ಇದೇ ದನಿ, ಇದೇ ಜನ, ಮಾತು ಮಾತ್ರ ಹೊಸದು, ಹಾಗೇನಾದ್ರೂ ಸಿಗುತ್ತಾ ನೋಡಿ." ಬೇರೆ ಸರಣಿ ಹಾಕಿದರೆ ಅವನು ಮುಖ ತಿರುಗಿಸುತ್ತಾನೆ, ಹಾಡು ಹಾಕಿದರೆ ಎದ್ದುಹೋಗುತ್ತಾನೆ. ಹನ್ನೆರಡನೆಯ ಕಂತು ಮುಗಿದು ಪರದೆ ಕಪ್ಪಾದಾಗ ನನ್ನ ಕಡೆ ತಿರುಗಿ ಗದ್ದ ಎತ್ತುತ್ತಾನೆ. ಮುಂದೇನು ಎಂದು ಅದರ ಅರ್ಥ. ನಾನು ಏನು ಹೇಳಲಿ? ಮೂಲ ಕಥೆಯ ಪುಸ್ತಕವಿದ್ದರೆ ಓದಿ ಹೇಳುತ್ತಿದ್ದೆ. ಇದು ಯಾವ ಪುಸ್ತಕದಿಂದಲೂ ತೆಗೆದದ್ದಲ್ಲ, ಸಂಪೂರ್ಣ ಸ್ವಂತ ಕಲ್ಪನೆ ಎಂದು ತಾವೇ ಎದೆಯುಬ್ಬಿಸಿ ಹೇಳಿದ್ದೀರಿ.

ಹಾಗಾಗಿ ದುಡ್ಡಿನ ಮಾತಿಗೆ ಬಂದೆವು. ನಮ್ಮದೊಂದು ಅಭಿಮಾನಿಗಳ ಗುಂಪಿದೆ, ಬೇರೆ ಬೇರೆ ಊರಿನವರು, ಫೋನಿನಲ್ಲೇ ಪರಿಚಯ. ಅದರಲ್ಲಿ ಒಬ್ಬ ಶಾಲೆಯ ಆಟದ ಮೇಷ್ಟ್ರು ಇದ್ದಾರೆ, ನಾವೆಲ್ಲ ಖಜಾಂಚಿ ಎನ್ನುತ್ತೇವೆ. ಅವರು ತಮಗೆ ಬರೆದರು: ನಾವು ಹಣ ಕೂಡಿಸುತ್ತೇವೆ, ಪೂರ್ತಿ ಸರಣಿಗೆ ಸಾಲದಿದ್ದರೆ ಒಂದೇ ಕಂತು ಮಾಡಿ, ಮಾಡಲಾಗದಿದ್ದರೆ ಹಿಂದಿರುಗಿಸಿ. ತಮ್ಮ ಕಚೇರಿ ಉತ್ತರಿಸಿತು: ತಮ್ಮ ಪ್ರೀತಿಗೆ ಋಣಿ, ಹೊರಗಿನವರಿಂದ ಹಣ ಪಡೆಯುವ ಪದ್ಧತಿ ಸಮಿತಿಯಲ್ಲಿ ಇಲ್ಲ, ಅಧಿಕೃತ ಸರಕುಗಳನ್ನು ಕೊಂಡು ಬೆಂಬಲಿಸಬೇಕಾಗಿ ವಿನಂತಿ. ಅಂದರೆ ನಮ್ಮ ದುಡ್ಡು ಬೇಡ, ಆದರೆ ಅದೇ ದುಡ್ಡು ಲೋಟದ ವೇಷ ಹಾಕಿಕೊಂಡು ಬಂದರೆ ಆದೀತು.

ಇಲ್ಲಿ ನಾವು ಜಾಣತನ ಮಾಡಿದೆವು. "ಅವರು ನೋಡೋದು ಎಷ್ಟು ಮಾಲು ಹೋಯ್ತು ಅಂತ. ಅಂದ್ಮೇಲೆ ದುಬಾರಿದು ಒಂದು ತಗೊಳ್ಳೋದಕ್ಕಿಂತ ಅಗ್ಗದ್ದು ಹತ್ತು ತಗೊಂಡ್ರೆ ಲೆಕ್ಕ ಜಾಸ್ತಿ ಆಗಲ್ವಾ?" ಎಂದರು ಖಜಾಂಚಿ. ಎಲ್ಲರೂ ಹೌದಲ್ಲ ಎಂದೆವು. ತಮ್ಮ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಮೇಕೆಯ ಕೀಚೈನು. ಕೊಂಡೆವು. ತಿಂಗಳುಗಟ್ಟಲೆ ಕೊಂಡೆವು. ನನ್ನ ಲ್ಯಾಬಿನಲ್ಲಿ ದವಡೆಗಳ ಪಕ್ಕ ಮೇಕೆಗಳ ರಾಶಿ ಬಿತ್ತು. ಅತ್ತಿಗೆ ಒಮ್ಮೆ ಬಂದವಳು, "ಬೀಗ ಇರೋದು ಒಂದು, ಕೀಚೈನು ಇಷ್ಟೊಂದು. ಅಣ್ಣನಿಗೆ ತಲೆಗೆ ಹೊಡೀತು, ನಿನಗೇನಾಯ್ತು?" ಎಂದು ಕೇಳಿದಳು. ದುಡ್ಡು ಚೆಲ್ಲಿ ನಾವು ಕಾಯುತ್ತಿದ್ದೆವು, ಸಮಿತಿ ಈಗ ಕಣ್ಣು ಬಿಡುತ್ತದೆ, ಆಗ ಬಿಡುತ್ತದೆ ಎಂದು.

ಸಮಿತಿ ಕಣ್ಣು ಬಿಟ್ಟಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಜನರಿಗೆ ಮೇಕೆ ಇಷ್ಟು ಇಷ್ಟವೇ ಎಂದು ತಾವು ಮೇಕೆಗೆ ಸ್ವಂತ ಕಾರ್ಯಕ್ರಮ ಕೊಟ್ಟಿರಿ. ಹುಡುಗಿ ಇಲ್ಲ, ನ್ಯಾಯಾಧೀಶ ಇಲ್ಲ, ತಕ್ಕಡಿಯೂ ಇಲ್ಲ. ಮೇಕೆ ಒಂದು ಫ್ಲಾಟಿನಲ್ಲಿ ಇರುತ್ತದೆ, ಕಿಟಕಿಯ ಪರದೆ ತಿನ್ನುತ್ತದೆ, ಬೈಸಿಕೊಳ್ಳುತ್ತದೆ. ಆದರೂ ಆಸೆ ನೋಡಿ, ಅಣ್ಣನನ್ನು ಕೂರಿಸಿ ಹಾಕಿ ತೋರಿಸಿದೆ. ಮೂರು ನಿಮಿಷ ಅದು "ಮ್ಯಾ" ಎಂದಿತು. ಬೇರೆ ಒಂದು ಮಾತೂ ಇಲ್ಲ. ಅಣ್ಣ ಕೊನೆಯವರೆಗೂ ನೋಡಿ, ನನ್ನನ್ನು ನೋಡಿ, ಬೇಸರದಿಂದ ಹೇಳಿದ: "ತೂಕದಲ್ಲಿ ಮೋಸ ಇದೆ."

ಈಗ ಕೇಳುತ್ತೇನೆ, ಅಭಿಮಾನಿಗಳು ಮುಂದಿನ ಭಾಗಕ್ಕೆ ಹಣ ಹೊಂದಿಸಬಲ್ಲರೇ? ನನ್ನ ಪ್ರಾಮಾಣಿಕ ಉತ್ತರ: ಪೂರ್ತಿ ಅಲ್ಲ. ಸಾವಿರಾರು ಚಿತ್ರ ಕೈಯಿಂದ ಬಿಡಿಸುವ ಕೆಲಸಕ್ಕೆ ಎಷ್ಟು ಬೇಕಾಗುತ್ತದೆ ಎಂದು ತಿಳಿಯದಷ್ಟು ಪೆದ್ದರಲ್ಲ ನಾವು. ನಮ್ಮಲ್ಲಿ ಇರುವವರು ಮೇಷ್ಟ್ರು, ನರ್ಸು, ಗಾಡಿ ಓಡಿಸುವವರು. ಬೇರೆ ಕಡೆ ಅಭಿಮಾನಿಗಳಿಂದ ಹಣ ಕೂಡಿಸಿ ಸಣ್ಣದೊಂದು ಚಿತ್ರ ಮುಗಿಸಿದ್ದುಂಟು, ಕೂಡಿಸಿ ಕೈಕೊಟ್ಟದ್ದೂ ಉಂಟು. ನಾಳೆ ದುಡ್ಡು ಕೊಟ್ಟವರೆಲ್ಲ ಕಥೆ ಹೀಗಿರಲಿ ಹಾಗಿರಲಿ ಎಂದು ತಲೆಯ ಮೇಲೆ ಕೂರುತ್ತಾರೆಂಬ ತಮ್ಮ ಅಂಜಿಕೆಯೂ ಸುಳ್ಳಲ್ಲ, ಕೂರುವವರು ಇದ್ದಾರೆ, ನಮ್ಮ ಗುಂಪಿನಲ್ಲೇ ಇಬ್ಬರು. ಆದರೆ ನಾವು ಈಗ ಮಾಡುತ್ತಿರುವುದೇನು? ಈಗಲೂ ಹಣ ಕೊಡುತ್ತಲೇ ಇದ್ದೇವೆ. ಯಾವುದಕ್ಕೆ ಕೊಟ್ಟೆವು ಎಂದು ಹೇಳುವ ಹಕ್ಕಿಲ್ಲದೆ, ಯಾರಿಗೆ ತಲುಪಿತು ಎಂದು ಕೇಳುವ ಬಾಯಿಲ್ಲದೆ ಕೊಡುತ್ತಿದ್ದೇವೆ. ಕೀಚೈನಿನ ದುಡ್ಡಿನಲ್ಲಿ ಆ ಹುಡುಗಿಯ ಕಣ್ಣು ಬಿಡಿಸಿದವನಿಗೆ ಏನು ಸಿಕ್ಕಿತು? ಅವನು ಈಗ ಎಲ್ಲಿದ್ದಾನೆ? ನಮಗೆ ಗೊತ್ತಿಲ್ಲ, ತಮಗೆ ಗೊತ್ತಿದೆಯೇ? ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ನನ್ನ ಕಸುಬಿನಿಂದ ಎರಡನೆಯವರಿಗೆ ಏನಾದರೂ ಮಾಡಬಹುದಿತ್ತು, ಅವರು ಬಾಯಿ ತೆಗೆಯಬೇಕಷ್ಟೆ.

ಇಷ್ಟಾದ ಮೇಲೆ ನಾನು ಕೈಬಿಟ್ಟಿದ್ದೆ, ನಿಜ ಹೇಳುತ್ತೇನೆ. ಮೇಕೆಗಳನ್ನು ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದೆ. ಆಮೇಲೆ ಒಂದು ದಿನ ಅತ್ತಿಗೆ ಪಿಂಚಣಿಯ ವಿಚಾರಕ್ಕೆ ಬ್ಯಾಂಕಿಗೆ ಫೋನು ಮಾಡಿ, ಕೈಯಲ್ಲಿ ಹಿಟ್ಟಾಗಿದೆಯೆಂದು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದಳು. "ನಿಮ್ಮ ಕರೆ ನಮಗೆ ಮುಖ್ಯ. ದಯವಿಟ್ಟು ಕಾಯಿರಿ" ಎಂದಿತು ಒಂದು ಹೆಣ್ಣುದನಿ. ಅಣ್ಣ ಕುರ್ಚಿಯಿಂದ ಎದ್ದುಬಿಟ್ಟ. ಬ್ಯಾಂಕಿನವನು ಮಾತಾಡಿ ಮುಗಿಸಿದ ಮೇಲೂ ಮತ್ತೆ ಅದೇ ಸಂಖ್ಯೆ ಒತ್ತಿಸಿದ, ಮತ್ತೆ ಒತ್ತಿಸಿದ. ನಮಗೆ ಹೊಳೆಯಲಿಲ್ಲ, ಅವನಿಗೆ ಹೊಳೆದಿತ್ತು: ಅದು ಆ ಹುಡುಗಿಯ ದನಿ. ನಮ್ಮ ಭಾಷೆಯಲ್ಲಿ ಅವಳಿಗೆ ದನಿ ಕೊಟ್ಟವರೇ ಬ್ಯಾಂಕಿಗೂ ಕೊಟ್ಟಿದ್ದರು. ಮರುದಿನ ಅತ್ತಿಗೆ, "ಸ್ನಾನಕ್ಕೆ ಏಳ್ತೀರೋ ಇಲ್ವೋ?" ಎಂದು ರೇಗಿದಾಗ ಅಣ್ಣ ಪೇಪರಿನಿಂದ ತಲೆ ಎತ್ತದೆ ಹೇಳಿದ, "ನಿಮ್ಮ ಕರೆ ನಮಗೆ ಮುಖ್ಯ. ದಯವಿಟ್ಟು ಕಾಯಿರಿ."

ಅತ್ತಿಗೆ ಫೋನಿನಲ್ಲಿ ಇದನ್ನು ನನಗೆ ಹೇಳುವಾಗ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಎರಡು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಹೊಸ ಮಾತು ಅದು. ಚಿತ್ರವಿಲ್ಲ, ಸಂಗೀತವಿಲ್ಲ, ಬದನೆಕಾಯಿ ಗಾತ್ರದ ಕಣ್ಣೂ ಇಲ್ಲ. ದನಿ ಒಂದಿತ್ತು, ಮಾತು ಹೊಸದಿತ್ತು, ಅಷ್ಟೇ ಸಾಕಾಯಿತು.

ಖಜಾಂಚಿ ಆ ದನಿಯವರನ್ನು ಹುಡುಕಿಕೊಟ್ಟರು, ನಾನು ಫೋನು ಮಾಡಿದೆ. ವಯಸ್ಸಾದ ಹೆಂಗಸು, ಮೊಮ್ಮಕ್ಕಳಿದ್ದಾರೆ. ಎಲ್ಲ ಕೇಳಿಸಿಕೊಂಡು, "ಓದ್ತೀನಮ್ಮ, ಅದಕ್ಕೇನು. ಒಂದು ಪೈಸೆ ಬೇಡ. ಆದ್ರೆ ಅವರ ಕಥೇಲಿರೋ ಒಂದು ಸಾಲನ್ನೂ ಅವರ ಒಪ್ಪಿಗೆ ಇಲ್ದೆ ಓದೋ ಹಾಗಿಲ್ಲ, ಕರಾರಿಗೆ ಸಹಿ ಹಾಕಿದ್ದೀನಿ" ಎಂದರು. ಓದಲು ಏನಿದೆ ಎಂದು ತಾವು ಕೇಳುವಂತಿಲ್ಲ. ಮುಂದಿನ ಭಾಗದ ಸಂಭಾಷಣೆ ಪೂರ್ತಿ ಬರೆದಾಗಿದೆ, ಭದ್ರವಾಗಿದೆ ಎಂದು ತಾವೇ ಒಂದು ಸಂದರ್ಶನದಲ್ಲಿ ಹೇಳಿದ್ದೀರಿ. ಬೀರುವಿನಲ್ಲಿ ಅದು ಯಾರಿಗಾಗಿ ಭದ್ರವಾಗಿದೆ? ಜಿರಲೆಗಳಿಗೆ ತೂಕದ ನ್ಯಾಯ ಬೇಕಾಗಿದೆಯೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಚಿತ್ರ ಬಿಡಿಸಬೇಡಿ, ಸ್ಟುಡಿಯೋ ಹುಡುಕಬೇಡಿ, ಆಟಿಕೆ ಕಂಪನಿಯನ್ನು ಒಪ್ಪಿಸಬೇಡಿ. ಆ ಸಂಭಾಷಣೆಯನ್ನು ಆ ತಾಯಿ ಓದಿ ರೆಕಾರ್ಡು ಮಾಡಲು ಒಪ್ಪಿಗೆ ಕೊಡಿ. ಅನುವಾದದ ಖರ್ಚು, ರೆಕಾರ್ಡಿಂಗ್ ಖರ್ಚು, ಅದನ್ನು ಮೊದಲು ಬರೆದವರಿಗೆ ಸಲ್ಲಬೇಕಾದ್ದು, ಇಷ್ಟನ್ನು ನಮ್ಮಂಥವರು ಖಂಡಿತ ಹೊಂದಿಸಬಲ್ಲೆವು. ಅಭಿಮಾನಿಗಳ ಕೈಲಾಗುವುದು ಎಷ್ಟು ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಗುತ್ತದೆ. ಹಣ ನೇರವಾಗಿ ಪಡೆಯಿರಿ, ಯಾವುದಕ್ಕೆಂದು ಬರೆದು ಪಡೆಯಿರಿ. ದಯವಿಟ್ಟು ಅದನ್ನು ಇನ್ನೊಂದು ಪ್ರಾಣಿಯ ರೂಪದಲ್ಲಿ ಕೇಳಬೇಡಿ.

ಅತ್ತಿಗೆ ಹೇಳುತ್ತಾಳೆ, "ಬರೆದು ಏನು ಬರುತ್ತೆ ಬಿಡು, ಅವರು ಓದೋದೂ ಇಲ್ಲ." ಇರಬಹುದು. ಒಪ್ಪಿಗೆ ಕೊಡಲಾಗದಿದ್ದರೆ ಆಗುವುದಿಲ್ಲ ಎಂದೇ ಬರೆದು ಕಳಿಸಿ. ಆದರೆ ಈ ಸಲ ಅದನ್ನು ನನಗಲ್ಲ, ನಮ್ಮ ಅಣ್ಣನಿಗೆ ಬರೆಯಿರಿ. ಕರಾರು ಅಡ್ಡ ಬರುವುದು ಕಥೆಗೆ, ತಮ್ಮ ಕಚೇರಿಯ ಪತ್ರಕ್ಕಲ್ಲವಂತೆ. ತಮ್ಮ ಉತ್ತರ ಏನೇ ಇರಲಿ, ಅದನ್ನು ಆ ಹುಡುಗಿಯ ದನಿಯಲ್ಲಿ ಓದಿ ಕಳಿಸುವುದಾಗಿ ಆ ತಾಯಿ ಮಾತು ಕೊಟ್ಟಿದ್ದಾರೆ. ಅವನು ಅದನ್ನು ಮತ್ತೆ ಮತ್ತೆ ಕೇಳುತ್ತಾನೆ, ಬಾಯಿಪಾಠ ಮಾಡುತ್ತಾನೆ, ಹೆಂಡತಿಯ ಜೊತೆ, ನನ್ನ ಜೊತೆ, ಬಂದವರ ಜೊತೆ ಆ ಮಾತುಗಳನ್ನೇ ಆಡಿಕೊಂಡು ಉಳಿದ ಆಯಸ್ಸು ಕಳೆಯುತ್ತಾನೆ. ಆದ್ದರಿಂದ ವಾಕ್ಯಗಳು ಚಿಕ್ಕವಾಗಿರಲಿ, ಮತ್ತು ಮನುಷ್ಯರು ಮನೆಯಲ್ಲಿ ಆಡುವಂಥ ಮಾತಾಗಿರಲಿ.

ಇಂತಿ,
ತಮ್ಮಲ್ಲಿ ವಿಶ್ವಾಸವಿಡಲು ಇನ್ನೂ ಹೆಣಗುತ್ತಿರುವ
ಮಾತುಗಾರನೊಬ್ಬನ ತಂಗಿ